ದೇರಾದ ಓಣಿಯಲ್ಲಿ ಊರೂರಿನ ಊಟ

“ಅತ್ತಿಗೆ, ಪಿಜ್ಜಾ ನಮ್ಮ ಮಂಗಳೂರಿನಲ್ಲೂ ಸಿಗುತ್ತದೆ. ಇಲ್ಲಿ ಇಷ್ಟೊಂದು ದೇಶದವರಿದ್ದಾರಲ್ಲ, ಅವರೆಲ್ಲ ಏನು ತಿನ್ನುತ್ತಾರೆ? ಅದನ್ನು ತಿನ್ನಿಸಿ ನೋಡೋಣ.”

ಒಂದು ತಿಂಗಳ ವಿಸಿಟ್ ವೀಸಾದಲ್ಲಿ ಗಂಡನ ಜೊತೆ ದುಬೈಗೆ ಬಂದಿದ್ದ ನನ್ನ ನಾದಿನಿ, ಮಾಲೊಂದರ ಫುಡ್ ಕೋರ್ಟಿನಲ್ಲಿ ಕುಳಿತು ಹೀಗೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಮದುವೆಯಾಗಿ ಈ ನಗರಕ್ಕೆ ಬಂದು ಹನ್ನೊಂದು ವರ್ಷಗಳಾಗಿದ್ದವು. ಮಕ್ಕಳ ಶಾಲೆ, ಕರಾಮದ ತರಕಾರಿ ಅಂಗಡಿ, ನಮ್ಮೂರಿನವರ ಮನೆಗಳು, ಶುಕ್ರವಾರ ಸಂಜೆ ಒಂದು ಮಾಲ್. ನನ್ನ ದುಬೈ ಇಷ್ಟರಲ್ಲೇ ಮುಗಿಯುತ್ತಿತ್ತು. ಲಿಫ್ಟಿನಲ್ಲಿ ದಿನವೂ ಸಲಾಮ್ ಹೇಳುವ ಸಿರಿಯಾದ ಅಜ್ಜಿ, ಕೆಳಗಿನ ಅಂಗಡಿಯಲ್ಲಿ ರೊಟ್ಟಿ ಸುಡುವ ಅಫ್ಘಾನಿ, ಪ್ರತಿ ಬುಧವಾರ ಕ್ಲೀನಿಂಗ್ ಕಂಪನಿಯಿಂದ ನಮ್ಮ ಮನೆ ಒರೆಸಲು ಬರುವ ಇಥಿಯೋಪಿಯದ ಹೆಣ್ಣುಮಗಳು – ಇವರ ಒಲೆಯ ಮೇಲೆ ಏನು ಬೇಯುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ನಾದಿನಿಯ ಪಾಲಿಗೆ ನಾಲ್ಕು ಶುಕ್ರವಾರಗಳಿದ್ದವು. ಒಂದೊಂದು ಶುಕ್ರವಾರ ಒಂದೊಂದು ದೇಶದ ಹೋಟೆಲಿಗೆ ಹೋಗುವುದೆಂದು ತೀರ್ಮಾನಿಸಿದೆವು.

ಎಲ್ಲರೂ ಹೊರಗಿನವರೇ

ಇಂತಹ ಹುಡುಕಾಟಕ್ಕೆ ದುಬೈಗಿಂತ ತಕ್ಕ ಊರು ಸಿಗುವುದು ಕಷ್ಟ. 2024ರ ಕೊನೆಯ ಹೊತ್ತಿಗೆ ಇಲ್ಲಿಯ ಜನಸಂಖ್ಯೆ 38 ಲಕ್ಷ ದಾಟಿತ್ತು. ಇವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಮಂದಿ ಬೇರೆ ಬೇರೆ ದೇಶಗಳಿಂದ ದುಡಿಯಲು ಬಂದವರು. ಇದು ತೈಲದ ಕಾಲದಲ್ಲಿ ಮಾತ್ರ ಆದದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದುಬೈಯ ಆಡಳಿತಗಾರರು ಇಲ್ಲಿಯ ಬಂದರಿನಲ್ಲಿ ಸುಂಕ ತೆಗೆದಾಗ ಇರಾನಿನ ಕರಾವಳಿಯ ವ್ಯಾಪಾರಿಗಳು ಕುಟುಂಬ ಸಮೇತ ಬಂದು ಖಾಡಿಯ ದಂಡೆಯಲ್ಲಿ ನೆಲೆಸಿದರು. ಗಾಳಿಗೋಪುರಗಳಿರುವ ಅವರ ಮನೆಗಳ ಕೇರಿಗೆ, ಅವರು ಬಿಟ್ಟುಬಂದ ಬಸ್ತಕ್ ಎಂಬ ಊರಿನ ನೆನಪಿನಲ್ಲಿ ಬಸ್ತಕಿಯಾ ಎಂಬ ಹೆಸರು ಬಂತು. ಇಂದು ಪ್ರವಾಸಿಗರು ನೋಡಲು ಹೋಗುವ ಅಲ್ ಫಹೀದಿ ಎಂದರೆ ಅದೇ ಕೇರಿ.

ಜನ ಬಂದ ಮೇಲೆ ಅವರ ಅಡುಗೆಯೂ ಬರಲೇಬೇಕಲ್ಲ. ಬರ್ ದುಬೈಯಲ್ಲಿ ಇರಾನಿ ಕಬಾಬಿಗೆ ಹೆಸರಾದ ಅಲ್ ಉಸ್ತಾದ್ ಸ್ಪೆಷಲ್ ಕಬಾಬ್ ಮತ್ತು ಸತ್ವಾದಲ್ಲಿ ಪಾಕಿಸ್ತಾನಿ ಊಟಕ್ಕೆ ಹೆಸರಾದ ರವಿ ರೆಸ್ಟೋರೆಂಟ್ ಎರಡೂ ಆರಂಭವಾದದ್ದು 1978ರಲ್ಲಿ. ಟ್ಯಾಕ್ಸಿ ಚಾಲಕರೂ ಕೂಲಿಕಾರರೂ ಊಟ ಮಾಡುತ್ತಿದ್ದ ರವಿ ಹೋಟೆಲಿನ ಹೆಸರಿನಲ್ಲಿ 2022ರಲ್ಲಿ ಅಡಿಡಾಸ್ ಕಂಪನಿ ಒಂದು ಜೊತೆ ಬೂಟನ್ನೇ ಹೊರತಂದಿತು! ಆದರೆ ಇಂತಹ ಹೆಸರಾಂತ ಜಾಗಗಳ ವಿಳಾಸ ಯಾರು ಬೇಕಾದರೂ ಹೇಳುತ್ತಾರೆ. ನಾದಿನಿಗೆ ಬೇಕಾದದ್ದು ಯಾರೂ ಹೇಳದ ಜಾಗ.

ಮೊದಲ ಶುಕ್ರವಾರ ಸೋತೆವು

ಮೊದಲ ಶುಕ್ರವಾರ ನಾನೇ ಮುಂದಾಳಾಗಿ ದೊಡ್ಡ ರಸ್ತೆಯ ಒಂದು ಹೋಟೆಲಿಗೆ ಕರೆದೊಯ್ದೆ. ಬಾಗಿಲಲ್ಲಿ ಆರು ದೇಶಗಳ ಧ್ವಜಗಳ ಚಿತ್ರವಿತ್ತು. ಮೆನು ಪುಸ್ತಕ ಶಾಲಾ ಪಠ್ಯದಷ್ಟು ದಪ್ಪ. ಅರಬಿ, ಚೀನಿ, ಮೊಘಲಾಯಿ, ಇಟಾಲಿಯನ್ ಎಲ್ಲವೂ ಒಂದೇ ಅಡುಗೆಮನೆಯಿಂದ ಬರುತ್ತಿತ್ತು. ಅಫ್ಘಾನಿ ಪಲಾವ್ ಎಂದು ತರಿಸಿದ್ದು ಹಳದಿ ಬಣ್ಣದ ಬಿರಿಯಾನಿಯಾಗಿತ್ತು. ನಾದಿನಿ ಪಾಪ ಏನೂ ಹೇಳದೆ ಊಟ ಮುಗಿಸಿದಳು. ಮನೆಗೆ ಬಂದು, “ನೀವು ಮಾಡುವ ನೈಚೋರು ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ ಅತ್ತಿಗೆ” ಎಂದಳು.

ಮರುದಿನ ನನ್ನ ಪತಿ ತಮ್ಮ ಆಫೀಸಿನ ಚಾಲಕರೊಬ್ಬರಲ್ಲಿ ವಿಷಯ ತೆಗೆದರಂತೆ. ಅವರು ಜಲಾಲಾಬಾದ್ ಕಡೆಯವರು. “ಒಳ್ಳೆಯ ಅಫ್ಘಾನಿ ಹೋಟೆಲು ಯಾವುದು?” ಎಂದು ಕೇಳಿದಾಗ ಅವರು ಒಂದು ದೊಡ್ಡ ಹೋಟೆಲಿನ ಹೆಸರು ಹೇಳಿದರು. “ನೀವು ಎಲ್ಲಿ ತಿನ್ನುತ್ತೀರಿ?” ಎಂದು ಕೇಳಿದಾಗ ನಕ್ಕು ಬೇರೆಯೇ ಹೆಸರು ಹೇಳಿದರು. ಒಂದು ಎಚ್ಚರಿಕೆಯೂ ಜೊತೆಗಿತ್ತು: “ಹೆಂಗಸರನ್ನು ಕರೆದುಕೊಂಡು ಜುಮಾ ಮುಗಿದ ಕೂಡಲೇ ಹೋಗಬೇಡಿ. ಕೂರಲು ಜಾಗವಿರುವುದಿಲ್ಲ. ಅಸರ್‌ನ ನಂತರ ಹೋಗಿ, ಪರದೆಯ ಕೋಣೆ ಕೊಡುತ್ತಾರೆ.”

ಎರಡು ಪ್ರಶ್ನೆಗಳ ನಡುವಿನ ಈ ವ್ಯತ್ಯಾಸವೇ ನಮಗೆ ದಾರಿ ತೋರಿಸಿತು.

ನಾಯಿಫ್‌ನ ಪರದೆಯ ಕೋಣೆ

ದೇರಾದ ನಾಯಿಫ್ ಎಂದರೆ ಹಳೆಯ ಪೇಟೆ. ಬಟ್ಟೆಯ ಸಗಟು ಅಂಗಡಿಗಳು, ಕಾರ್ಗೋ ಕಚೇರಿಗಳು, ಊರಿಗೆ ಹಣ ಕಳುಹಿಸುವ ಎಕ್ಸ್‌ಚೇಂಜ್‌ಗಳು, ಹೆಜ್ಜೆಗೊಂದು ಭಾಷೆ. ಚಾಲಕರು ಹೇಳಿದ ಹೋಟೆಲು ಒಂದು ಓಣಿಯ ಒಳಗಿತ್ತು. ಕೆಳಗೆ ಬರೀ ಗಂಡಸರು. ನಮ್ಮನ್ನು ಕಂಡು ಹುಡುಗನೊಬ್ಬ ಎದ್ದು, ತಲೆ ತಗ್ಗಿಸಿಕೊಂಡೇ ಮೇಲಿನ ಅಂತಸ್ತಿಗೆ ಕರೆದೊಯ್ದ. ಜಮಖಾನ ಹಾಸಿದ ಪುಟ್ಟ ಕೋಣೆ, ಒರಗಿಕೊಳ್ಳಲು ದಿಂಬುಗಳು, ಬಾಗಿಲಿಗೆ ದಪ್ಪ ಪರದೆ. ಬುರ್ಖಾ ತೊಟ್ಟ ನಮಗೆ ಮಾಲಿನ ಮೇಜಿಗಿಂತ ಇಲ್ಲಿ ಎಷ್ಟೋ ಆರಾಮವಾಯಿತು.

ಕೇಳುವ ಮೊದಲೇ ಬಿಸಿ ಸೂಪು, ಹಸಿ ಈರುಳ್ಳಿ, ಮೊಳದುದ್ದದ ರೊಟ್ಟಿ ಬಂದವು. ಅನಂತರ ಕಾಬೂಲಿ ಪಲಾವ್. ಉದ್ದನೆಯ ಅಕ್ಕಿಯ ಮೇಲೆ ಎಳೆಎಳೆಯಾಗಿ ಹೆಚ್ಚಿ ಬಾಡಿಸಿದ ಕ್ಯಾರೆಟ್ ಮತ್ತು ಒಣದ್ರಾಕ್ಷಿ. ಮಾಂಸ ಅನ್ನದ ಅಡಿಯಲ್ಲಿ ಅಡಗಿರುತ್ತದೆ. ಮೆಣಸಿನ ಖಾರ ಇಲ್ಲವೇ ಇಲ್ಲ. ನಾದಿನಿಯ ಗಂಡ ಮೊದಲ ತುತ್ತಿಗೇ “ಉಪ್ಪಿನಕಾಯಿ ಸಿಗಬಹುದೇ?” ಎಂದರು. ನಾಲ್ಕನೆಯ ತುತ್ತಿಗೆ ಸುಮ್ಮನಾದರು. ಮಾಂಸದ ರಸ, ಜೀರಿಗೆಯ ಪರಿಮಳ, ಕ್ಯಾರೆಟಿನ ಸಿಹಿ ಒಂದೊಂದಾಗಿ ನಾಲಗೆಗೆ ತಿಳಿಯತೊಡಗಿತ್ತು. ಇನ್ನೊಬ್ಬರ ಅಡುಗೆಯ ರುಚಿ ತಿಳಿಯಬೇಕಾದರೆ ನಮ್ಮ ನಾಲಗೆಯ ಅಳತೆಗೋಲನ್ನು ಸ್ವಲ್ಪ ಹೊತ್ತು ಕೆಳಗಿಡಬೇಕು. ಹಬೆಯಲ್ಲಿ ಬೇಯಿಸಿದ, ಮೊಸರು ಸುರಿದ ಮಾಂಸದ ಕಡುಬು ಕೂಡಾ ಬಂತು. ಅದರ ಹೆಸರು ಮಂತು.

1979ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಲಕ್ಷಾಂತರ ಮಂದಿ ಊರು ಬಿಟ್ಟರು. ಗಲ್ಫಿಗೆ ಬಂದವರಲ್ಲಿ ಬಹಳಷ್ಟು ಮಂದಿ ಒಂಟಿ ಗಂಡಸರು. ಊರಿನಲ್ಲಿ ಒಲೆಯ ಮುಂದೆ ಕೂರದವರು ಇಲ್ಲಿ ಬಂದು ತಾಯಂದಿರು ಮಾಡುತ್ತಿದ್ದುದನ್ನು ನೆನಪಿಸಿಕೊಂಡು ಅಡುಗೆ ಮಾಡತೊಡಗಿದರು. ಇದು ನಮಗೂ ಹೊಸತಲ್ಲ. ಕರಾವಳಿಯಿಂದ ಗಲ್ಫಿಗೆ ಹೋದ ಎಷ್ಟು ಮಂದಿ ಅಣ್ಣತಮ್ಮಂದಿರು ಒಂದು ಕೋಣೆಯಲ್ಲಿ ಎಂಟು ಜನ ಇದ್ದು, ಫೋನಿನಲ್ಲಿ ಉಮ್ಮನನ್ನು ಕೇಳಿ ಕೇಳಿ ಮೀನು ಸಾರು ಕಲಿತಿಲ್ಲ!

ಗುರುತು ಹಿಡಿಯುವುದು ಹೇಗೆ?

ಆ ಬಳಿಕ ನಾವು ಕೆಲವು ಗುರುತುಗಳನ್ನು ಇಟ್ಟುಕೊಂಡೆವು. ಇವು ಯಾವ ನಗರದಲ್ಲಾದರೂ ನಿಮ್ಮ ಉಪಯೋಗಕ್ಕೆ ಬರಬಹುದು.

ಮೊದಲನೆಯದು, ಹೋಟೆಲು ಹುಡುಕುವ ಮೊದಲು ಜನರನ್ನು ಹುಡುಕಿ. ಆ ದೇಶದವರು ಎಲ್ಲಿ ಕೆಲಸ ಮಾಡುತ್ತಾರೆ, ಎಲ್ಲಿ ನಮಾಝಿಗೆ ಸೇರುತ್ತಾರೆ, ಎಲ್ಲಿಂದ ಊರಿಗೆ ಹಣ ಕಳುಹಿಸುತ್ತಾರೆ ಎಂದು ನೋಡಿ. ಅವರ ದಿನಸಿ ಅಂಗಡಿ ಇದ್ದಲ್ಲಿ ಊಟದ ಜಾಗವೂ ಸಮೀಪದಲ್ಲೇ ಇರುತ್ತದೆ. ಅಂಗಡಿಯವರನ್ನು ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ.

ಎರಡನೆಯದು, ಒಳಗೆ ಕುಳಿತವರ ಮುಖ ನೋಡಿ. ಅಡುಗೆಯವರ ಭಾಷೆಯಲ್ಲೇ ಗಿರಾಕಿಗಳೂ ಮಾತನಾಡುತ್ತಿದ್ದರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ ಎಂದರ್ಥ. ಮೆನು ಚಿಕ್ಕದಾಗಿದ್ದರೆ, ಅವರ ಲಿಪಿಯಲ್ಲೇ ಗೋಡೆಗೆ ಅಂಟಿಸಿದ್ದರೆ ಇನ್ನೂ ಒಳ್ಳೆಯದು. ‘ಇದು ಮಧ್ಯಾಹ್ನ ಮಾತ್ರ’, ‘ಇದು ಶುಕ್ರವಾರ ಮಾತ್ರ’ ಎಂದರೆ ಬೇಸರಪಡಬೇಡಿ. ಮನೆಗಳಲ್ಲೂ ಎಲ್ಲವನ್ನೂ ಎಲ್ಲ ದಿನ ಮಾಡುವುದಿಲ್ಲವಲ್ಲ.

ಮೂರನೆಯದು ನಮ್ಮಂತಹ ಮಹಿಳೆಯರಿಗೆ ಮುಖ್ಯವಾದದ್ದು. ಹೊರಗಿನಿಂದ ಬರೀ ಗಂಡಸರ ಹೋಟೆಲಿನಂತೆ ಕಂಡರೂ ಮೇಲೆ ಅಥವಾ ಹಿಂದೆ ಕುಟುಂಬದವರ ಕೋಣೆ ಇರಬಹುದು. ಬಾಗಿಲಲ್ಲೇ ಕೇಳಿ. ಕೆಲಸಗಾರರ ಊಟದ ವೇಳೆಯನ್ನು ತಪ್ಪಿಸಿ ಹೋಗಿ. ಅದು ಅವರಿಗೂ ಅನುಕೂಲ, ನಮಗೂ ಅನುಕೂಲ.

ನಾಲ್ಕನೆಯದು ಹಲಾಲ್ ವಿಷಯ. ದುಬೈಯಲ್ಲಿ ಹಂದಿಮಾಂಸ ಬಡಿಸುವ ಹೋಟೆಲಿಗೆ ನಗರಪಾಲಿಕೆಯ ಪ್ರತ್ಯೇಕ ಅನುಮತಿ ಬೇಕು, ಅದನ್ನು ಬೇರೆಯಾಗಿಯೇ ಬೇಯಿಸಬೇಕು, ಮೆನುವಿನಲ್ಲಿ ಸ್ಪಷ್ಟವಾಗಿ ಗುರುತಿಸಬೇಕು. ಮದ್ಯಕ್ಕೂ ಪರವಾನಗಿ ಬೇಕು. ಹಾಗಾಗಿ ಓಣಿಯ ಪುಟ್ಟ ಹೋಟೆಲುಗಳಲ್ಲಿ ಈ ತೊಂದರೆ ಅಪರೂಪ. ಆದರೂ ಕೇಳಿಬಿಡುವುದು ಒಳ್ಳೆಯದು. ವಿನಯದಿಂದ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಯಮನಿನ ಮೆಂತ್ಯ, ಏಡನ್ನಿನ ಚಹಾ

ಮೂರನೆಯ ಶುಕ್ರವಾರ ಯಮನಿಗರ ಹೋಟೆಲು. ಮಂದಿ ಈಗ ಮಂಗಳೂರು, ಬೆಂಗಳೂರಿನಲ್ಲೂ ಮನೆಮಾತಾಗಿದೆ. ಅದು ಮೂಲತಃ ಯಮನಿನ ಹದ್ರಮೌತ್ ಪ್ರಾಂತ್ಯದ್ದು. ನೆಲದಲ್ಲಿ ತೋಡಿದ ಒಲೆಯ ತಳದಲ್ಲಿ ಅನ್ನದ ಪಾತ್ರೆ, ಅದರ ಮೇಲೆ ಮಾಂಸ, ಬಾಯಿಗೆ ಬಿಗಿಯಾದ ಮುಚ್ಚಳ. ಮಾಂಸದ ರಸ ಹನಿಹನಿಯಾಗಿ ಅನ್ನಕ್ಕೆ ಇಳಿಯುತ್ತದೆ. ತೇವ, ಇಬ್ಬನಿ ಎಂಬರ್ಥದ ಅರಬಿ ಪದದಿಂದ ಮಂದಿ ಎಂಬ ಹೆಸರು ಬಂತೆನ್ನುತ್ತಾರೆ.

ಆದರೆ ನಮ್ಮ ಸುತ್ತ ಕುಳಿತಿದ್ದ ಯಮನಿಗರು ಯಾರೂ ಮಂದಿ ತಿನ್ನುತ್ತಿರಲಿಲ್ಲ. ಅವರ ಮುಂದೆ ಕಲ್ಲಿನ ಬಟ್ಟಲುಗಳಲ್ಲಿ ಕೊತಕೊತ ಕುದಿಯುವ ಏನೋ ಒಂದಿತ್ತು. ‘ಅವರು ತಿನ್ನುವುದೇ ನಮಗೂ’ ಎಂದೆವು. ಅದು ಸಲ್ತಾ, ಯಮನಿನ ಮಧ್ಯಾಹ್ನದ ಊಟ. ಮಾಂಸದ ಸಾರಿನ ಮೇಲೆ ನೆನೆಸಿದ ಮೆಂತ್ಯವನ್ನು ಕಡೆದು ತೆಗೆದ ನೊರೆ, ಜೊತೆಗೆ ಟೊಮೆಟೊ ಮತ್ತು ಹಸಿಮೆಣಸು ಅರೆದ ಸಹಾವಿಕ್ ಎಂಬ ಚಟ್ನಿ. ಅರ್ಧ ಮೇಜು ಮುಚ್ಚುವಷ್ಟು ಅಗಲದ ರೊಟ್ಟಿಯನ್ನು ಹರಿದು ಅದ್ದಿ ತಿನ್ನಬೇಕು. ನಾದಿನಿ ಮೂಸಿ ನೋಡಿ, “ಅತ್ತಿಗೆ, ಇದು ಬಾಣಂತಿ ಕೋಣೆಯ ವಾಸನೆ!” ಎಂದು ನಕ್ಕಳು. ಹೌದು, ನಮ್ಮಲ್ಲಿ ಬಾಣಂತಿಗೆ ಕೊಡುವ ಮೆಂತ್ಯದ ಗಂಜಿಯ ಅದೇ ಕಹಿ, ಅದೇ ಪರಿಮಳ. ತಟ್ಟೆಯ ಪಕ್ಕದಲ್ಲಿದ್ದ ಲಹೂಹ್ ಎಂಬ ಮೆತ್ತನೆಯ ತೂತು ತೂತಿನ ರೊಟ್ಟಿಯಂತೂ ನಮ್ಮ ದೋಸೆಯ ತಂಗಿ.

ಕೊನೆಯಲ್ಲಿ ಏಲಕ್ಕಿ ಹಾಕಿದ ಹಾಲಿನ ಚಹಾ. ಇದನ್ನು ಅವರು ಏಡನ್ ಚಹಾ ಎನ್ನುತ್ತಾರೆ. ಏಡನ್ ಬಂದರನ್ನು ಬ್ರಿಟಿಷರು 1839ರಲ್ಲಿ ವಶಪಡಿಸಿಕೊಂಡ ಮೇಲೆ ಸುಮಾರು ನೂರು ವರ್ಷ, 1937ರವರೆಗೆ, ಅದು ಬ್ರಿಟಿಷ್ ಇಂಡಿಯಾದ ಆಡಳಿತದಲ್ಲಿತ್ತು. ಅಷ್ಟು ಕಾಲ ಜನ ಹೋಗಿ ಬಂದಿದ್ದಾರೆ. ಬಡಿಸಿದ ಯುವಕ ತನ್ನ ಊರು ತರೀಮ್ ಎಂದಾಗ ನಾದಿನಿಯ ಗಂಡ ಎದ್ದು ಆತನ ಕೈ ಹಿಡಿದುಕೊಂಡರು. ನಮ್ಮ ಕರಾವಳಿಯ ಹಲವು ತಂಙಳ್ ಮನೆತನಗಳು ತಮ್ಮ ಮೂಲವನ್ನು ಹೇಳುವುದು ಅದೇ ಹದ್ರಮೌತಿಗೆ. 2014ರಲ್ಲಿ ಯುದ್ಧ ಆರಂಭವಾದ ಮೇಲೆ ತಾನು ಒಂದೇ ಸಲ ಊರಿಗೆ ಹೋಗಿದ್ದೇನೆ ಎಂದು ಆತ ಹೇಳಿದ.

ಎಲ್ಲ ಪ್ರಶ್ನೆಗಳನ್ನೂ ಕೇಳಬಾರದು ಎಂಬ ಪಾಠವೂ ಅದೇ ವಾರ ಸಿಕ್ಕಿತು. ಒಂದು ರಾತ್ರಿ ದೇರಾದಲ್ಲೇ ಉಯಿಘರ್ ಮುಸ್ಲಿಮರ ಪುಟ್ಟ ಹೋಟೆಲಿಗೆ ಹೋಗಿದ್ದೆವು. ಚೀನಾದ ಪಶ್ಚಿಮ ತುದಿಯ ಷಿನ್‌ಜಿಯಾಂಗ್ ಅವರ ನಾಡು. ಹಿಟ್ಟನ್ನು ಕೈಯಿಂದಲೇ ಎಳೆದೆಳೆದು ಹಗ್ಗದಂತೆ ಮಾಡಿ ಬೇಯಿಸುವ ಲಗ್‌ಮನ್ ಎಂಬ ಶಾವಿಗೆ, ಮಾಂಸ, ದೊಣ್ಣೆಮೆಣಸು. ತಿಂದು ಸಂತೋಷವಾಗಿ, ಲೆಕ್ಕ ಮಾಡುತ್ತಿದ್ದ ಹೆಂಗಸಿನೊಡನೆ ನಾನು, “ಊರಿಗೆ ಯಾವಾಗ ಹೋಗುತ್ತೀರಿ?” ಎಂದುಬಿಟ್ಟೆ. ಆಕೆ ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೈಗಿಟ್ಟರು, ಉತ್ತರ ಕೊಡಲಿಲ್ಲ. 2017ರಿಂದ ಅಲ್ಲಿ ಉಯಿಘರರನ್ನು ಸಾಮೂಹಿಕವಾಗಿ ಬಂಧನ ಶಿಬಿರಗಳಲ್ಲಿಟ್ಟ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರಲ್ಲಿ ವರದಿ ಪ್ರಕಟಿಸಿದ್ದನ್ನು ನಾನು ಓದಿದ್ದೆ. ಓದಿದ್ದು ಆ ಹೊತ್ತಿಗೆ ನೆನಪಾಗಲಿಲ್ಲ. ಊರಿನ ಬಗ್ಗೆ ಅವರೇ ಹೇಳಿದರೆ ಕೇಳಬೇಕು. ಹೇಳದಿದ್ದರೆ ಊಟ ಚೆನ್ನಾಗಿತ್ತು ಎಂದು ಹೇಳಿ ಬರಬೇಕು.

ಬುಧವಾರದ ಉಪವಾಸ

ಇನ್ನೊಂದೇ ಶುಕ್ರವಾರ ಉಳಿದಿತ್ತು. ಆ ವಾರದ ಬುಧವಾರ ಎಂದಿನಂತೆ ಇಥಿಯೋಪಿಯದ ಹೆಣ್ಣುಮಗಳು ಕೆಲಸಕ್ಕೆ ಬಂದಳು. ನಾನು ಎಂದಿನಂತೆ ಅನ್ನ ಮತ್ತು ಕೋಳಿ ಸಾರನ್ನು ಅಡುಗೆಮನೆಯಲ್ಲಿ ಮುಚ್ಚಿಟ್ಟೆ. ಎಂದಿನಂತೆ ಆಕೆ ಅನ್ನವನ್ನು ಮಾತ್ರ ಉಪ್ಪಿನಕಾಯಿಯೊಂದಿಗೆ ತಿಂದು ಸಾರನ್ನು ಹಾಗೆಯೇ ಬಿಟ್ಟಳು. ಎರಡು ವರ್ಷಗಳಿಂದ ನಡೆಯುತ್ತಿದ್ದುದೇ ಹೀಗೆ. ನಮ್ಮ ಅಡುಗೆ ಆಕೆಗೆ ಹಿಡಿಸುವುದಿಲ್ಲ ಎಂದುಕೊಂಡಿದ್ದೆ. ‘ಎಷ್ಟು ಕೊಟ್ಟರೂ ಬಿಡುತ್ತಾಳೆ, ಸ್ವಲ್ಪ ಗರ್ವ’ ಎಂದು ನೆರೆಮನೆಯವರಲ್ಲಿ ಹೇಳಿಯೂ ಇದ್ದೆ.

ನಾದಿನಿ ಸುಮ್ಮನಿರುವವಳಲ್ಲ. ನೇರವಾಗಿ, “ಯಾಕೆ ತಿನ್ನುವುದಿಲ್ಲ?” ಎಂದು ಕೇಳಿದಳು. ಆಕೆ ಸಂಕೋಚದಿಂದ ಒಂದೇ ಪದ ಹೇಳಿದಳು: “ಸೋಮ್.”

ಅರಬಿಯ ಸೌಮ್! ಅವರ ಅಮ್ಹಾರಿಕ್ ಭಾಷೆಯಲ್ಲೂ ಉಪವಾಸಕ್ಕೆ ಅದೇ ಮೂಲದ ಪದ. ಆಕೆ ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತಳು. ಅವರಿಗೆ ಬುಧವಾರ ಮತ್ತು ಶುಕ್ರವಾರ ಉಪವಾಸದ ದಿನಗಳು. ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಆಗದು. ಈ ಎರಡು ದಿನಗಳಲ್ಲದೆ ಈಸ್ಟರ್‌ಗೆ ಮೊದಲು 55 ದಿನಗಳ ದೀರ್ಘ ಉಪವಾಸವೂ ಇದೆ. ಸೋಮವಾರ, ಗುರುವಾರ ಸುನ್ನತ್ ಉಪವಾಸ ಹಿಡಿಯುವ ನಾನು, ನನ್ನ ಮನೆಗೆ ಬರುವ ಒಬ್ಬ ಹೆಣ್ಣುಮಗಳ ಉಪವಾಸದ ದಿನ ಎರಡು ವರ್ಷಗಳ ಕಾಲ ಅವಳ ಮುಂದೆ ಕೋಳಿ ಸಾರಿಟ್ಟಿದ್ದೆ. ಅವಳು ಒಂದು ಸಲವೂ ಬೇಡವೆಂದು ಹೇಳಿ ನನ್ನ ಮನಸ್ಸು ನೋಯಿಸಿರಲಿಲ್ಲ.

“ನೀವು ಎಲ್ಲಿ ಊಟ ಮಾಡುತ್ತೀರಿ?” ನಾಲ್ಕು ವಾರಗಳಿಂದ ಊರೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನು ನನ್ನ ಅಡುಗೆಮನೆಯಲ್ಲಿ ಮೊದಲ ಬಾರಿಗೆ ಕೇಳಿದೆ. ಆಕೆಯ ಮುಖ ಅರಳಿತು. “ಶುಕ್ರವಾರ ನನಗೆ ರಜೆ. ನಾನೇ ಕರೆದುಕೊಂಡು ಹೋಗುತ್ತೇನೆ” ಎಂದಳು.

ಒಂದೇ ತಟ್ಟೆ

ದೇರಾದ ಹಳೆಯ ಕಟ್ಟಡವೊಂದರ ಮೇಲಂತಸ್ತು. ಬೋರ್ಡಿನಲ್ಲಿ ನಮಗೆ ತಿಳಿಯದ ಇಥಿಯೋಪಿಯದ ಅಕ್ಷರಗಳು. ಇಬ್ಬರು ಮಹಿಳೆಯರೇ ನಡೆಸುವ ಹೋಟೆಲು. ಸುತ್ತ ಕುಳಿತವರಲ್ಲೂ ಹೆಚ್ಚಿನವರು ಹೆಂಗಸರು. ಮನೆಕೆಲಸದವರು, ನರ್ಸುಗಳು, ಅಂಗಡಿಗಳಲ್ಲಿ ದುಡಿಯುವವರು. ವಾರವಿಡೀ ಯಾರದೋ ಮನೆಯಲ್ಲಿ ದನಿ ತಗ್ಗಿಸಿ ಇರುವವರು ಇಲ್ಲಿ ಬಾಯ್ತುಂಬಾ ನಗುತ್ತಿದ್ದರು. ನಮ್ಮ ಮನೆಯಲ್ಲಿ ನಾಲ್ಕು ಮಾತಿಗಿಂತ ಹೆಚ್ಚು ಆಡದ ಆಕೆ ಇಲ್ಲಿ ಎಲ್ಲರಿಗೂ ಬೇಕಾದವಳು.

ಮಾಂಸ ಹಲಾಲ್ ಎಂದು ಆಕೆ ಮೊದಲೇ ವಿಚಾರಿಸಿ ಇಟ್ಟಿದ್ದಳು. “ನೀವು ಕೋಳಿ ತರಿಸಿ, ನಾನು ಉಪವಾಸದ ಊಟ ಮಾಡುತ್ತೇನೆ” ಎಂದಳು. ಅವರ ದೇಶದಲ್ಲಿ ಕ್ರೈಸ್ತರೂ ಮುಸ್ಲಿಮರೂ ಹಿಂದಿನಿಂದಲೂ ತಂತಮ್ಮವರು ಕೊಯ್ದ ಮಾಂಸವನ್ನೇ ತಿನ್ನುವವರು. ಆದರೆ ಬೇಳೆ, ಕಡಲೆ, ಸೊಪ್ಪಿನ ಉಪವಾಸದ ಅಡುಗೆಗೆ ಆ ಬೇಧವಿಲ್ಲ, ಅದನ್ನು ಯಾರೂ ಜೊತೆ ಕುಳಿತು ತಿನ್ನಬಹುದು. “ಹಾಗಾದರೆ ಎಲ್ಲರಿಗೂ ಅದೇ ಇರಲಿ” ಎಂದಳು ನಾದಿನಿ.

ದೊಡ್ಡ ಹರಿವಾಣದ ತುಂಬಾ ಇಂಜೆರಾ ಹಾಸಿ ತಂದರು. ಟೆಫ್ ಎಂಬ, ರಾಗಿಗಿಂತಲೂ ಎಷ್ಟೋ ಸಣ್ಣ ಕಾಳಿನ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ಅಗಲ ಕಾವಲಿಯಲ್ಲಿ ಸುತ್ತಿ ಸುತ್ತಿ ಹೊಯ್ದು, ಮುಚ್ಚಿ ಬೇಯಿಸುವ ದೋಸೆ ಅದು. ಮಗುಚಿ ಹಾಕುವುದಿಲ್ಲ. ಮೇಲೆಲ್ಲ ತೂತುಗಳು. ಅವುಗಳಿಗೆ ಅವರು ಕಣ್ಣು ಎನ್ನುತ್ತಾರಂತೆ. ಕಣ್ಣು ಚೆನ್ನಾಗಿ ಬಿದ್ದರೆ ಮಾಡಿದವಳ ಕೈ ಒಳ್ಳೆಯದು. ಇಂತಹ ಮಾತು ನಮ್ಮ ಉಮ್ಮಂದಿರ ಬಾಯಲ್ಲೂ ಕೇಳಿಲ್ಲವೇ? ಅದರ ಮೇಲೆ ಕೆಂಪು ಬೇಳೆಯ ಗಸಿ, ಕಡಲೆ ಹಿಟ್ಟಿನ ಶಿರೋ, ಸೊಪ್ಪಿನ ಪಲ್ಯ, ಎಲೆಕೋಸು ಗುಪ್ಪೆ ಗುಪ್ಪೆಯಾಗಿ. ಚಮಚವಿಲ್ಲ, ಬೇರೆ ತಟ್ಟೆಯಿಲ್ಲ. ಅಂಚಿನಿಂದ ಹರಿದು, ಪಲ್ಯ ಹಿಡಿದು ಬಾಯಿಗಿಡಬೇಕು.

ಊಟದ ನಡುವೆ ಆಕೆ ಒಂದು ತುತ್ತು ಕಟ್ಟಿ ನಾದಿನಿಯ ಬಾಯಿಗೆ ಹಿಡಿದಳು. ಅದು ಗುರ್ಷಾ. ಪ್ರೀತಿ, ಗೌರವ ಇರುವವರಿಗೆ ತನ್ನ ಕೈಯಾರೆ ತುತ್ತು ಕೊಡುವ ಪದ್ಧತಿ. ನಾದಿನಿ ನಗುತ್ತಾ ಬಾಯಿ ತೆರೆದಳು. ಅನಂತರ ಆ ಕೈ ನನ್ನ ಕಡೆ ಬಂತು. ನಾನು ಒಂದು ಕ್ಷಣ ಹಿಂಜರಿದೆ. ಆ ಕ್ಷಣವನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಲೇಖನ ಸುಳ್ಳಾಗುತ್ತದೆ. ನಮ್ಮ ಮನೆಯ ನೆಲ ಒರೆಸುವ ಕೈ ಎಂಬುದು ಮನಸ್ಸಿನಲ್ಲಿ ಸುಳಿದು ಹೋಯಿತು. ಆಕೆಗೆ ಅದು ತಿಳಿಯಿತೋ ಇಲ್ಲವೋ, ಕೈ ಮಾತ್ರ ಹಿಂದೆ ಹೋಗಲಿಲ್ಲ. ನಾನು ಬಾಯಿ ತೆರೆದೆ.

ಹ. ಬಿಲಾಲ್(ರ)ರ ಕತೆಯನ್ನು ನಾವೆಲ್ಲ ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಮಕ್ಕಾದಲ್ಲಿ ಹಿಂಸೆ ತಾಳಲಾಗದೆ ಮೊದಲ ಮುಸ್ಲಿಮರು ಕಡಲು ದಾಟಿದಾಗ ಆಶ್ರಯ ಕೊಟ್ಟವರು ಇದೇ ಅಬಿಸೀನಿಯಾದ ಕ್ರೈಸ್ತ ದೊರೆ ನಜಾಶಿ ಎಂಬುದನ್ನೂ ಹೇಳುತ್ತೇವೆ. ಆ ವಲಸಿಗರಲ್ಲಿ ಪ್ರವಾದಿವರ್ಯರ(ಸ) ಮಗಳು ಹ. ರುಖಿಯ್ಯಾ(ರ) ಕೂಡಾ ಇದ್ದರು. ಜನಾಂಗಗಳನ್ನು ಬೇರೆ ಬೇರೆಯಾಗಿ ಮಾಡಿರುವುದು ಒಬ್ಬರನ್ನೊಬ್ಬರು ಅರಿಯಲಿಕ್ಕೆಂದು ನಂಬಿದವರು ನಾವು. ಕತೆ ಹೇಳುವಾಗ ಬಾರದ ಹಿಂಜರಿಕೆ ತುತ್ತು ಮುಂದೆ ಬಂದಾಗ ಬಂತು.

ಮೂರನೆಯ ಕಪ್ಪು

ಊಟದ ಮೇಲೆ ಕಾಫಿ. ಅಲ್ಲಿ ಅದು ಆತುರದ ಕೆಲಸವಲ್ಲ. ಹಸಿ ಕಾಫಿ ಬೀಜವನ್ನು ನಮ್ಮೆದುರೇ ತೊಳೆದು ಹುರಿದು, ಹೊಗೆಯ ಪರಿಮಳ ನೋಡಲೆಂದು ಬಾಣಲೆಯನ್ನು ಎಲ್ಲರ ಬಳಿಗೂ ತಂದರು. ಕುಟ್ಟಿ, ಉದ್ದ ಕತ್ತಿನ ಮಣ್ಣಿನ ಪಾತ್ರೆಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಕಪ್ಪುಗಳಿಗೆ ಎತ್ತರದಿಂದ ಹೊಯ್ದರು. ಪಕ್ಕದಲ್ಲಿ ಧೂಪ. ಒಂದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಮೂರು ಸುತ್ತು ಕೊಡುತ್ತಾರೆ. ಮೊದಲನೆಯದು ಅಬೋಲ್, ಎರಡನೆಯದು ತೋನಾ, ಮೂರನೆಯದರ ಹೆಸರು ಬರಕ. ಮೂರನೆಯದನ್ನು ಕುಡಿಯದೆ ಏಳುವುದು ಸರಿಯಲ್ಲ, ಅದರಲ್ಲೇ ಆಶೀರ್ವಾದವಿರುವುದು.

ಬರಕ! ತಾಯಿಯನ್ನು ಕಳೆದುಕೊಂಡ ಆರು ವರ್ಷದ ಬಾಲಕ ಮುಹಮ್ಮದ್‌ರನ್ನು(ಸ) ಮಕ್ಕಾಕ್ಕೆ ಕರೆತಂದು ಸಾಕಿದ ಉಮ್ಮು ಐಮನ್(ರ)ರ ನಿಜವಾದ ಹೆಸರೂ ಬರಕ. ಅವರೂ ಅಬಿಸೀನಿಯಾ ಮೂಲದವರು, ಮನೆಗೆಲಸಕ್ಕಿದ್ದವರು. ಪ್ರವಾದಿವರ್ಯರು(ಸ) ಅವರನ್ನು ಕಂಡದ್ದು ತಾಯಿಯ ಸ್ಥಾನದಲ್ಲಿ.

ಕಾಫಿ ಗಿಡದ ತವರು ಇಥಿಯೋಪಿಯ. ಅಲ್ಲಿಂದ ಕೆಂಪು ಸಮುದ್ರ ದಾಟಿ ಯಮನಿಗೆ, ಯಮನಿನಿಂದ ಬಾಬಾ ಬುಡನ್ ಎಂಬ ಸೂಫಿ ಸಂತರ ಮೂಲಕ ಚಿಕ್ಕಮಗಳೂರಿನ ಬೆಟ್ಟಕ್ಕೆ ಬಂತೆಂದು ಪ್ರತೀತಿ. ಹಜ್ಜಿನಿಂದ ಮರಳುವಾಗ ಅವರು ತಂದದ್ದು ಏಳು ಬೀಜಗಳಂತೆ. ನಾದಿನಿ ಈ ಕತೆಯನ್ನು ಕೈಸನ್ನೆ ಮಾಡುತ್ತಾ ಹೇಳಿದಾಗ ಕಾಫಿ ಹೊಯ್ಯುತ್ತಿದ್ದ ಮಹಿಳೆ ನಕ್ಕು ನಮ್ಮ ಕಪ್ಪುಗಳನ್ನು ಮತ್ತೆ ತುಂಬಿಸಿದರು.

ಹೊರಡುವಾಗ ನನ್ನ ಪತಿ ಹಣ ಕೊಡಲು ಹೋದರು. ಕೈ ತೊಳೆಯಲು ಎದ್ದಾಗಲೇ ಆಕೆ ಕೊಟ್ಟು ಮುಗಿಸಿದ್ದಳು. ಗಂಟೆಗಿಷ್ಟೆಂದು ದುಡಿಯುವವಳು, ಅದರಲ್ಲೂ ಊರಿಗೆ ಕಳುಹಿಸುವವಳು. ನಾವು ಎಷ್ಟು ಒತ್ತಾಯಿಸಿದರೂ ತೆಗೆದುಕೊಳ್ಳಲಿಲ್ಲ. “ಇವತ್ತು ನೀವು ನನ್ನ ಅತಿಥಿಗಳು” ಎಂದಳು.

ನಿಮ್ಮ ಊರಿನಲ್ಲಿ

ಇಂತಹ ಊಟಕ್ಕೆ ದುಬೈಗೇ ಬರಬೇಕೆಂದಿಲ್ಲ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದಲೂ, ಮುಂಡಗೋಡಿನಲ್ಲಿ 1966ರಿಂದಲೂ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಅವರ ಮೊಮೊ, ನಾವು ನಾಯಿಫ್‌ನಲ್ಲಿ ತಿಂದ ಮಂತುವಿನ ಬಂಧು. ಮಾಂಸದ ವಿಷಯ ಕೇಳಿಕೊಳ್ಳಿ, ತರಕಾರಿಯದ್ದಾದರೆ ಚಿಂತೆಯಿಲ್ಲ. ಬೆಂಗಳೂರಿನಲ್ಲಿ ಯಮನ್, ಸುಡಾನ್ ಮೊದಲಾದ ದೇಶಗಳ ವಿದ್ಯಾರ್ಥಿಗಳಿದ್ದಾರೆ. ಅವರು ಸೇರುವ ಮಸೀದಿಯ ಹತ್ತಿರ ವಿಚಾರಿಸಿ. ಮಂಗಳೂರಿನ ಕಟ್ಟಡಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವ ನೇಪಾಳ, ಅಸ್ಸಾಮ್, ಬಿಹಾರದವರೂ ಎಲ್ಲೋ ಒಂದು ಕಡೆ ತಮ್ಮೂರಿನ ಊಟ ಮಾಡುತ್ತಿರುತ್ತಾರೆ. ವಿಳಾಸ ಬೇಕಾದರೆ ಅವರನ್ನೇ ಕೇಳಿ. ಬಹುಶಃ ಅವರಲ್ಲಿ ಒಬ್ಬರು ಈಗಾಗಲೇ ನಿಮ್ಮ ಮನೆಗೆ ಬಂದು ಹೋಗುತ್ತಿರಬಹುದು.

ನಾದಿನಿ ಊರಿಗೆ ಹೋದ ಮೇಲಿನ ಬುಧವಾರ ನಾನು ನೀರುದೋಸೆ ಹೊಯ್ದೆ. ಅಕ್ಕಿ, ತೆಂಗಿನಕಾಯಿ, ಉಪ್ಪು, ನೀರು. ಉಪವಾಸಕ್ಕೆ ಆಗದ ವಸ್ತು ಅದರಲ್ಲಿ ಒಂದೂ ಇಲ್ಲ. ಜೊತೆಗೆ ಬೇಳೆ ಸಾರು, ಕಾಯಿ ಚಟ್ನಿ. ಒಂದು ದೊಡ್ಡ ತಟ್ಟೆಯಲ್ಲಿ ಹಾಕಿ, “ಬಾ, ಕೂರು” ಎಂದೆ. ಆಕೆ ಗಡಿಯಾರ ನೋಡಿದಳು. ಕಿಟಕಿಗಳನ್ನು ಒರೆಸುವುದು ಇನ್ನೂ ಬಾಕಿಯಿದೆ ಎಂದಳು. ಅದು ಮುಂದಿನ ವಾರಕ್ಕಿರಲಿ ಎಂದು ಕೈಹಿಡಿದು ಕೂರಿಸಿದೆ. ದೋಸೆಯ ಅಂಚನ್ನು ಹರಿದು ಬೆಳಕಿಗೆ ಹಿಡಿದು ನೋಡಿ, “ಕಣ್ಣು ಸಣ್ಣದು” ಎಂದು ನಕ್ಕಳು. ಆಮೇಲೆ ಹಾಲಿಲ್ಲದ ಕಾಫಿ ಮಾಡಿದೆ. ಮೂರನೆಯ ಕಪ್ಪಿನ ಹೊತ್ತಿಗೆ ನೀರು ಸಾಲದೆ ಮತ್ತೊಮ್ಮೆ ಕಾಯಿಸಬೇಕಾಯಿತು. ಕಿಟಕಿಗಳು ಆ ವಾರ ಹಾಗೆಯೇ ಉಳಿದವು.